ಆ ಹೆಸರಿನ ನೀರು ನನಗೆ ಇಳಿಯದು

ಮಾನ್ಯ ಕ್ರೀಡಾ ನಿರ್ದೇಶಕರೇ,

ಅಭ್ಯಾಸದ ಮೈದಾನದ ಅಂಚಿನಲ್ಲಿ ನೀವು ಕಟ್ಟಿಸಿರುವ ಕುಡಿಯುವ ನೀರಿನ ಕೇಂದ್ರಕ್ಕೆ ನಮ್ಮ ಹಳೆಯ ಕೋಚ್ ಹೆಸರಿಟ್ಟಿದ್ದೀರಿ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿದೆ. ಬರುವ ಶನಿವಾರ, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಪಂದ್ಯದ ದಿನ, ಅದರ ಉದ್ಘಾಟನೆಯಂತೆ. ಮೊದಲ ಲೋಟವನ್ನು ೧೯೬೨ರ ತಂಡದ ನಾಯಕನಾದ ನಾನೇ ಕುಡಿಯಬೇಕಂತೆ. ಕುಡಿಯಲಾರೆ. ಆ ಹೆಸರನ್ನು ತೆಗೆಯಿರಿ ಎಂದು ಕೇಳಲು ಈ ಪತ್ರ. ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ.

ಆಹ್ವಾನದ ಜೊತೆ ಬಂದ ಪುಸ್ತಕವನ್ನೂ ಓದಿದೆ. ನಮ್ಮ ಫುಟ್‌ಬಾಲ್ ತಂಡದ ನೂರಿಪ್ಪತ್ತೈದು ವರ್ಷಗಳ ಇತಿಹಾಸ, ಹೊಳೆಯುವ ಕಾಗದದಲ್ಲಿ. ಮೊದಲ ತಂಡ ಕಟಾವಾದ ಗೋಧಿ ಹೊಲದಲ್ಲಿ ಹೆಲ್ಮೆಟ್ ಇಲ್ಲದೆ ಬರಿತಲೆಯಲ್ಲಿ ಆಡಿದ ಕಥೆ ಇದೆ. ತಂಡದ ಲಾಂಛನವಾಗಿದ್ದ ಹೇಸರಗತ್ತೆ ಸತ್ತದ್ದಕ್ಕೆ ಅರ್ಧ ಪುಟವಿದೆ. ೧೯೬೨ರಲ್ಲಿ ನನ್ನ ತಂಡದಲ್ಲಿದ್ದ ಲೆಸ್ಟರ್ ವೋಬೋರಿಲ್ ಸತ್ತದ್ದಕ್ಕೆ ಒಂದೇ ಸಾಲು: "ಪಂದ್ಯಗಳು ಆರಂಭವಾಗುವ ಮುನ್ನ ಅನಾರೋಗ್ಯದಿಂದ ತೀರಿಕೊಂಡರು." ಯಾವ ಅನಾರೋಗ್ಯ, ಸ್ವಾಮಿ? ಹೇಸರಗತ್ತೆಗೆ ಏನಾಗಿತ್ತೆಂದು ಹುಡುಕಿ ಬರೆದವರಿಗೆ ಇದು ಮಾತ್ರ ಸಿಗಲಿಲ್ಲವೇ?

ಸಿಗದಿದ್ದರೆ ನಾನು ಹೇಳುತ್ತೇನೆ. ಕಾನ್ಸಸ್‌ನ ಆಗಸ್ಟ್ ಬಿಸಿಲು ನಿಮಗೂ ಗೊತ್ತಿರಬಹುದು, ತಣ್ಣನೆಯ ಕೋಣೆಯ ಕಿಟಕಿಯಿಂದ. ಆ ಬಿಸಿಲಿನಲ್ಲಿ ದಿನಕ್ಕೆರಡು ಬಾರಿ, ಹೆಲ್ಮೆಟ್ ಮತ್ತು ಭುಜದ ಕವಚ ತೊಟ್ಟು, ಒಂದು ತೊಟ್ಟು ನೀರಿಲ್ಲದೆ ನಮ್ಮ ಅಭ್ಯಾಸ. ಬೆಳಿಗ್ಗೆ ತಲಾ ಎರಡು ಉಪ್ಪಿನ ಮಾತ್ರೆ ನುಂಗಿಸುತ್ತಿದ್ದರು, ಅಷ್ಟೇ. ಕೋಚ್ ಸೀಟಿ ಊದಿ ಕೂಗುತ್ತಿದ್ದರು: "ನೀರು ಕುಡಿದೋನು ಮೆತ್ತಗಾಗ್ತಾನೆ ಕಣ್ರೋ! ಪಂದ್ಯದ ಕೊನೇ ಕ್ವಾರ್ಟರ್ ಗೆಲ್ಲೋದು ಒಣ ಗಂಟಲೇ!" ಒಬ್ಬ ಕುಡಿದು ಸಿಕ್ಕಿಬಿದ್ದರೆ ಇಡೀ ತಂಡ ಇಪ್ಪತ್ತು ಸುತ್ತು ಓಡಬೇಕು. ಹೀಗಾಗಿ ಕೋಚ್ ಕಾವಲು ಕಾಯಬೇಕಾಗಿರಲಿಲ್ಲ. ಒಬ್ಬರನ್ನೊಬ್ಬರು ನಾವೇ ಕಾಯುತ್ತಿದ್ದೆವು. ಬೆವರು ಒರೆಸಿದ ಟವೆಲ್ ಹೀರುತ್ತಿದ್ದೆವು, ಅದಕ್ಕೂ ಹೊಡೆದಾಟ.

ಮೂರನೇ ದಿನ ಮಧ್ಯಾಹ್ನ ಲೆಸ್ಟರ್ ಬೇಲಿಯ ಪಕ್ಕದ ನಲ್ಲಿಯತ್ತ ಅಂಬೆಗಾಲಿನಲ್ಲಿ ಹೋಗುತ್ತಿದ್ದ. ಹುಲ್ಲಿಗೆ ನೀರುಣಿಸುವ ನಲ್ಲಿ ಅದು. ಹೌದು, ಹುಲ್ಲಿಗೆ ದಿನವೂ ಕೊಡುತ್ತಿದ್ದರು. ನನ್ನನ್ನು ಕಂಡು ಬೇಡಿದ:

"ಒಂದೇ ಗುಟುಕು ಕಣೋ ಓರಿನ್. ಕೋಚ್ ಆ ಕಡೆ ನೋಡ್ತಿದಾರೆ."

"ಏಳೋ, ನಾಟಕ ಸಾಕು! ನಿನ್ನ ಒಂದು ಗುಟುಕಿಗೆ ನಾವೆಲ್ಲ ಸಾಯ್ಬೇಕಾ?"

ಅವನ ಅರವತ್ತೊಂದನೇ ನಂಬರಿನ ಜೆರ್ಸಿಯ ಕುತ್ತಿಗೆ ಹಿಡಿದು ಎಳೆದು ತಂದವನು ನಾನು. ನಾಯಕನಲ್ಲವೇ? ಅವನ ಮೈ ಒಣಗಿತ್ತು, ಬೆವರೇ ಇರಲಿಲ್ಲ. ಅದು ಬಿಸಿಲಿನ ಆಘಾತದ ಲಕ್ಷಣವೆಂದು ಆಗ ನನಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಅವನು ಸತ್ತ. ಆ ವರ್ಷ ನಾವು ಕಪ್ ಗೆದ್ದೆವು.

ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದ್ದೆ. ಯಾರೋ ಬಹಳ ವಿನಯದಿಂದ ಮಾತಾಡಿದರು: "ಸರ್, ಪುಸ್ತಕ ಆಗ್ಲೇ ಪ್ರಿಂಟಾಗಿದೆ. ಆ ಕಾಲದಲ್ಲಿ ಎಲ್ಲಾ ಕಡೇನೂ ಹಾಗೇ ಇತ್ತಲ್ವಾ? ಸಂಭ್ರಮದ ಟೈಮಲ್ಲಿ ಯಾಕೆ ಸರ್ ಇದೆಲ್ಲ?" ಹಾಗೇ ಇತ್ತು, ಒಪ್ಪುತ್ತೇನೆ. ಕೋಚ್ ಕೊಲೆಗಾರರಲ್ಲ, ತಪ್ಪನ್ನು ಗಟ್ಟಿಯಾಗಿ ನಂಬಿದ ಮನುಷ್ಯ. ಅವರ ಹೆಸರನ್ನು ಕಪ್‌ಗಳ ಮೇಲೆ ಬರೆಯಿರಿ, ಸ್ಟೇಡಿಯಮ್ಮಿಗೇ ಇಡಿ, ನನ್ನ ತಕರಾರಿಲ್ಲ. ನೀರಿಗೆ ಇಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಪುಸ್ತಕ ಲೆಸ್ಟರ್‌ನ ತಂಗಿ ಅಡೆಲಾಳಿಗೂ ಹೋಗಿದೆ. ಎಪ್ಪತ್ತೊಂಬತ್ತರ ಆಕೆ ಕಳೆದ ವಾರ ನನಗೆ ಫೋನ್ ಮಾಡಿದಳು. "ಓರಿನ್, ಅಣ್ಣನಿಗೆ ಯಾವ ಕಾಯ್ಲೆ ಇತ್ತು? ನೀನು ಅಲ್ಲೇ ಇದ್ದೆಯಲ್ಲ. ಅಮ್ಮ ಸಾಯೋವರೆಗೂ ಕೇಳ್ತಾನೇ ಇದ್ಲು. ನಮ್ಮ ವಂಶದಲ್ಲೇ ಏನೋ ಇದೆ ಅಂತ ಹೆದರಿ ನನ್ನ ಮಕ್ಕಳನ್ನ ಓಡೋದಕ್ಕೂ ಬಿಡ್ಲಿಲ್ಲ ನಾನು."

ನಾನು ಹವಾಮಾನದ ಮಾತು ತೆಗೆದೆ. ಅರವತ್ತು ವರ್ಷದಿಂದಲೂ ಅದನ್ನೇ ಮಾಡುತ್ತಾ ಬಂದಿದ್ದೇನೆ. ನಿಮ್ಮ ಪುಸ್ತಕದ ಆ ಒಂದು ಸಾಲಿನ ಹಿಂದೆ ಇಷ್ಟು ಕಾಲ ಬಚ್ಚಿಟ್ಟುಕೊಂಡವನು ನಾನೂ ಹೌದು. ನನಗೆ ನಾಚಿಕೆಯಾಗುತ್ತಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಶನಿವಾರದೊಳಗೆ ಆ ಫಲಕ ಇಳಿಸಿ, ಲೆಸ್ಟರ್ ವೋಬೋರಿಲ್ ಹೆಸರು ಹಾಕಿ. ಅವನು ನೀರಿಲ್ಲದೆ ಸತ್ತ ಎಂದು ಕೆಳಗೆ ಬರೆಯಿಸಿ. ಜಾಗ ಸಾಲದಿದ್ದರೆ ಗೆದ್ದ ನಾಯಕರ ಗೋಡೆಯಿಂದ ನನ್ನ ಹೆಸರು ಕಿತ್ತು ಹಾಕಿ, ಅಲ್ಲಿ ಬರೆಯಿರಿ. ನೀವು ಏನೇ ಮಾಡಿ, ಮಾಡದಿರಿ, ಈ ಪತ್ರದ ಒಂದು ಪ್ರತಿ ನಿನ್ನೆಯೇ ಅಡೆಲಾಳಿಗೆ ಹೋಗಿದೆ. ಶನಿವಾರ ಆಕೆ ಬಂದರೆ ಮೊದಲ ಲೋಟ ಆಕೆಯದು. ಅದನ್ನು ಆಕೆ ನನ್ನ ಮುಖಕ್ಕೆ ಎರಚಿದರೆ ದಯವಿಟ್ಟು ಯಾರೂ ತಡೆಯಬೇಡಿ.

ಇಂತಿ,
ನಲ್ಲಿಗೆ ಮೂರು ಮಾರು ದೂರದಲ್ಲಿ ಗೆಳೆಯನನ್ನು ಹಿಂದಕ್ಕೆಳೆದ,
ಓರಿನ್ ಹಾಫ್‌ಸ್ಟಾಡ್
(೧೯೬೨ರ ವಿಜೇತ ತಂಡದ ನಾಯಕ)