ಅಪ್ಪ ಹಾಕ್ಸಿದ ಬೋರ್ಡು

ಜೂನ್ 9, ಸೋಮವಾರ
ಇವತ್ತೂ ಬರೀ ಸೊಂಟ, ಕುತ್ತಿಗೆ. ಕಾಯಿ ಸುಲಿಯೋರ ಬೆನ್ನು ಮುಟ್ಟಿದ್ರೆ ಅಯ್ಯೋ ಅನ್ಸತ್ತೆ. ಒಬ್ಬರು ಇಂಜೆಕ್ಷನ್ ಕೇಳಿದ್ರು. ಕೊಡಲ್ಲ, ಕೈಯಲ್ಲೇ ನೋಡೋದು ಅಂದೆ. ಕೊಡೋ ಹಾಗೇ ಇಲ್ಲ ಅಂತ ಹೇಳ್ಲಿಲ್ಲ.

ಅಪ್ಪ ಹೊಸ ಬೋರ್ಡು ಹಾಕ್ಸಿದಾರೆ — ‘ಡಾ. ಯೋಗಿತಾ’. ಅಮೆರಿಕದಲ್ಲಿ ಆಸ್ಟಿಯೋಪಥಿ ಡಾಕ್ಟ್ರು ನಮ್ಮ ಎಂಬಿಬಿಎಸ್‌ನೋರ ಸಮ. ಮಾತ್ರೆ ಬರೀತಾರೆ, ಆಪರೇಷನ್ನೂ ಮಾಡ್ತಾರೆ. ಅಷ್ಟು ನಿಜ. ಅಪ್ಪ ಅಷ್ಟನ್ನೇ ನೊಣವಿನಕೆರೆ ತುಂಬಾ ಹೇಳ್ಕೊಂಡು ಬಂದಿದಾರೆ. ಇಲ್ಲಿ ಹಾಗಲ್ಲಪ್ಪ, ನಾನು ಓದಿದ ಆಸ್ಟಿಯೋಪಥಿ ಬರೀ ಕೈಯಲ್ಲಿ ಮೂಳೆ, ಕೀಲು ನೋಡೋದು, ಡಾಕ್ಟ್ರು ಓದಲ್ಲ ಅಂತ ಎಷ್ಟು ಸಲ ಹೇಳಿದೀನಿ... ಬೋರ್ಡು ತೆಗೆಸಬೇಕು. ನಾಳೆ. ನೋಡೋಕೆ ಚೆನ್ನಾಗೇನೋ ಇದೆ, ಹಾಳಾದ್ದು.

ಜೂನ್ 12, ಗುರುವಾರ
ಪಕ್ಕದ ಮನೆ ಚಿಕ್ಕಗೌರಮ್ಮತ್ತೆ ಬಂದಿದ್ರು. ಎಡಭುಜ ನೋವು, ಏದುಸಿರು, ಬೆವರು. ಇದು ಭುಜದ್ದಲ್ಲ, ಎದೇದು. ಈಗಲೇ ತಿಪಟೂರಿಗೆ ಹೋಗಿ ಇಸಿಜಿ ಮಾಡ್ಸಿ ಅಂದೆ. ನೀನೇ ಡಾಕ್ಟ್ರಲ್ವೇನೇ ಅಂದ್ರು. ಹೂಂ ಅನ್ಲಿಲ್ಲ, ಊಹೂಂನೂ ಅನ್ಲಿಲ್ಲ. ಬಲವಂತವಾಗಿ ಕಾರು ಹತ್ಸಿದೆ.

ಜೂನ್ 29, ಭಾನುವಾರ. ಮಧ್ಯಾಹ್ನ
ಅತ್ತೆ ತುಮಕೂರಲ್ಲಿ ಸ್ಟೆಂಟ್ ಹಾಕಿಸ್ಕೊಂಡು ಬಂದಿದಾರೆ. ಹಣ್ಣು ತಗೊಂಡು ಹೋದೆ. ಮಾತ್ರೆಗಳನ್ನೆಲ್ಲಾ ಬುಟ್ಟುಬುಟ್ಟಿದಾರೆ! ಹೊಟ್ಟೆ ಉರೀತದಂತೆ.

‘ಆ ಡಾಕ್ಟ್ರು ಮೈ ಮುಟ್ಟೂ ನೋಡಲ್ಲ ಕಣವ್ವ. ನೀನು ಕೈ ಇಟ್ರೆ ಸಾಕು, ನೀನೂ ಡಾಕ್ಟ್ರೇ ತಾನೆ?’

ಈಗ ಮಾತ್ರೆ ಬುಟ್ರೆ ಜೀವಕ್ಕೇ ಅಪಾಯ ಅಂದೆ. ನಾನು ಡಾಕ್ಟ್ರಲ್ಲ ಅಂತಲೂ ಅಂದೆ, ಕೊನೆಗೂ. ನಕ್ಕುಬುಟ್ರು. ಹುಡುಗಿಗೆ ಎಷ್ಟು ನಯ ನೋಡು ಅಂದ್ರು. ನಿಮ್ಮಪ್ಪ ಸುಳ್ಳು ಹೇಳೋ ಮನುಷ್ಯನಾ ಅಂದ್ರು.

ಅದೇ ದಿನ, ಸಂಜೆ
ಅಪ್ಪನ್ನೇ ಕರ್ಕೊಂಡು ಹೋದೆ. ಬಾಗಿಲಲ್ಲೇ ನಿಂತ್ರು. ಯಾರ ಮುಂದೂ ತಲೆ ತಗ್ಗಿಸಿದೋರಲ್ಲ, ಇವತ್ತು ತಗ್ಗಿಸಿದ್ರು.

‘ನಮ್ ಯೋಗಿ ಡಾಕ್ಟ್ರಲ್ಲ ಕಣಮ್ಮ. ಊರಿಗೆಲ್ಲಾ ಹಂಗೆ ಹೇಳ್ದೋನು ನಾನು. ಅವಳದೇನೂ ತಪ್ಪಿಲ್ಲ. ನೀನು ಮಾತ್ರೆ ತಗೋ.’

ಅತ್ತೆ ಅಪ್ಪನ ಮುಖ ನೋಡ್ಲಿಲ್ಲ. ತುಮಕೂರು ಡಾಕ್ಟ್ರಿಗೆ ಫೋನ್ ಮಾಡ್ಸಿದ್ರು, ಕೇಳಿದ್ರು, ಮಾತ್ರೆ ನುಂಗಿದ್ರು. ಜೀವ ಉಳೀತು, ಸಾಕು.

ಆದ್ರೆ ನಾಚ್ಕೆ ಆಗ್ತಿದೆ. ತಪ್ಪಿಲ್ಲ ಅಂದ್ರಲ್ಲ ಅಪ್ಪ... ಬೋರ್ಡು ನೋಡಿ ಒಳಗೊಳಗೇ ಖುಷಿ ಪಟ್ಟೋಳು ನಾನು. ನಂದೂ ತಪ್ಪಿದೆ ಅಂತ ಅಲ್ಲೇ ಹೇಳ್ಬೇಕಿತ್ತು. ಒಂದು ಮಾತು ಸಾಕಿತ್ತು. ಅಪ್ಪ ಒಂದ್ಸಲ ನನ್ನ ಕಡೆ ತಿರುಗಿ ನೋಡಿದ್ರು. ನಾನು ಆಗ್ಲೂ ಹೇಳ್ಲಿಲ್ಲ.