ತುದಿ ಮುರಿದ ಸ್ಕೇಲು

ಮಾರ್ಚ್ ೧೨, ಮಂಗಳವಾರ

ಪ್ರಿಂಟರ್ ತಂತ್ರಾಂಶದವರಿಗೆ ನಾನು ಕಳಿಸಿದ ಅಳತೆಗಳೆಲ್ಲ ತಪ್ಪು. ಸಂಜೆ ಅಂಗಡಿ ಮುಚ್ಚುವಾಗ ಹೊಳೆಯಿತು.

ನನಗೆ ಕೋಡ್ ಬರೆಯಲು ಬಾರದು. ನಮ್ಮ ಪ್ರಿಂಟಿಂಗ್ ಅಂಗಡಿಯ ಹಳೆಯ ಪ್ರಿಂಟರು ಪ್ರತಿ ಪುಟದ ಕೊನೆಯ ಸಾಲನ್ನು ನುಂಗುತ್ತಿತ್ತು. ಅದನ್ನು ನಡೆಸುವ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಓದಿ, ಅದನ್ನು ನೋಡಿಕೊಳ್ಳುವವರಿಗೆ ಒಂದು ದೂರು ಬರೆದೆ, ಅಷ್ಟೆ. "ಆ ಪ್ರಿಂಟರ್ ನಮ್ಮಲ್ಲಿ ಯಾರ ಹತ್ರಾನೂ ಇಲ್ಲ. ಅಂಚುಗಳನ್ನ ಅಳೆದು ಕೊಡ್ತೀರಾ?" ಎಂದರು. ನಲವತ್ತು ಹಾಳೆ ಅಳೆದೆ.

ನಮ್ಮ ಸ್ಕೇಲಿನ ಮೊದಲ ಸೆಂಟಿಮೀಟರ್ ಮುರಿದು ವರ್ಷಗಳಾದವು. ಕಂಡ ಅಂಕಿಯನ್ನೇ ಬರೆದಿಡುತ್ತೇವೆ. ಅಂಗಡಿಯಲ್ಲಿ ಕಾಗದ ಕತ್ತರಿಸುವವರು ಅದರಲ್ಲಿ ಒಂದು ಸೆಂಟಿಮೀಟರ್ ಕಳೆದು ಕತ್ತರಿಸುತ್ತಾರೆ. ತಂತ್ರಾಂಶದವರಿಗೂ ಒಂದು ಕಳೆಯದೆ ಹಾಗೆಯೇ ಕಳಿಸಿಬಿಟ್ಟಿದ್ದೇನೆ.

ಅಣ್ಣ ಬಿದ್ದು ಬಿದ್ದು ನಕ್ಕ. "ಕೋಡ್ ಬರಲ್ಲ ಅಂತ ಗೊತ್ತಿತ್ತು ಕಣೇ, ಸ್ಕೇಲ್ ಹಿಡಿಯೋಕೂ ಬರಲ್ವಾ? ಸುಮ್ನಿರು, ಯಾರಿಗೂ ಗೊತ್ತಾಗಲ್ಲ."

"ಶುಕ್ರವಾರ ನನ್ನ ಅಳತೆ ಹಾಕಿ ತಿದ್ದಿದ ತಂತ್ರಾಂಶ ಎಲ್ಲರಿಗೂ ಹೋಗುತ್ತಣ್ಣ. ಈ ಪ್ರಿಂಟರ್ ಇಟ್ಕೊಂಡಿರೋರ ಪುಟಗಳೆಲ್ಲ ಕೆಡುತ್ತವೆ."

ಮಾನ ಹೋದರೆ ಹೋಗಲಿ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ, ಮುರಿದ ಸ್ಕೇಲಿನ ಫೋಟೊ ಸಮೇತ. ಗಂಟೆಯೊಳಗೆ ಉತ್ತರ ಬಂತು: "ಹೇಳಿದ್ದು ಒಳ್ಳೇದಾಯ್ತು. ಮತ್ತೆ ಅಳೆದು ಕೊಡಿ, ಕಾಯ್ತೀವಿ."

ಕಾಯ್ತೀವಿ. ಮುಖವನ್ನೇ ನೋಡಿರದ ಜನ, ನನ್ನ ನಲವತ್ತು ಹಾಳೆಗಾಗಿ. ಊಟ ಮಾಡುವಾಗಲೂ ಅದೇ ಮಾತು ತಲೆಯಲ್ಲಿತ್ತು.

ಅಣ್ಣ ಹೊರಗೆ ಹೋಗಿ ಹೊಸ ಸ್ಕೇಲು ತಂದು ಮೇಜಿನ ಮೇಲಿಟ್ಟ. ಹನ್ನೊಂದು ಹಾಳೆ ಮುಗಿಸಿದ ಮೇಲೆ ನೋಡುತ್ತೇನೆ, ಈ ಸಲ ಒಂದು ಕಳೆಯಲು ಮರೆಯಬಾರದು ಎಂದುಕೊಳ್ಳುತ್ತಲೇ, ತುದಿ ಸರಿಯಿರುವ ಹೊಸ ಸ್ಕೇಲಿನಲ್ಲೂ ಒಂದು ಕಳೆದೇ ಬರೆಯುತ್ತಿದ್ದೇನೆ. ಎಲ್ಲ ಹೊಡೆದುಹಾಕಿದೆ. ಮತ್ತೆ ಮೊದಲನೆಯ ಹಾಳೆಯಿಂದ ಶುರು.