ಗೋಡೆಯ ಮೇಲಿನ ಗೆರೆ

ಜಮಖಂಡಿ, 14 ನವೆಂಬರ್ 2011, ಸೋಮವಾರ

ನಮ್ಮ ಮನೆಯವರ ಬಲ ಹೆಗಲು ಹಿಡಿದುಕೊಂಡಿದೆ. ಡಾಕ್ಟರು ಫ್ರೋಜನ್ ಶೋಲ್ಡರ್ ಎಂದಾಗ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕೀಲಿಗೆ ಇಂಜೆಕ್ಷನ್ ಕೊಟ್ಟರೆ ನೋವು ಬೇಗ ಇಳಿಯಬಹುದಂತೆ. ಗೋಡೆಯ ಮೇಲೆ ಬೆರಳು ಹತ್ತಿಸುವ ಬರೀ ವ್ಯಾಯಾಮವಾದರೆ ತಿಂಗಳುಗಟ್ಟಲೆ ಬೇಕು. ಯಾವುದಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೈ ಬಿಡಿಸುತ್ತಾರಂತೆ.

ಮೂರು ವರ್ಷದ ಹಿಂದೆ ನನ್ನ ಹೆಗಲು ಹಿಡಿದಾಗಲೂ ಇದೇ ಡಾಕ್ಟರು ಇದನ್ನೇ ಹೇಳಿದ್ದರು. ಆಗ ನಮ್ಮ ಮನೆಯವರು ನಾನು ಬಾಯಿ ತೆರೆಯುವ ಮೊದಲೇ, "ಇಂಜೆಕ್ಷನ್ ಏನೂ ಬ್ಯಾಡ್ರಿ, ಗ್ವಾಡಿ ಮ್ಯಾಲೆ ಬೆರಳ ಹತ್ತಿಸಿದ್ರ ಆತು," ಎಂದು ಎದ್ದುಬಿಟ್ಟರು. ಎಂಟು ತಿಂಗಳು ನನ್ನ ಜಡೆ ನಾನು ಹಾಕಿಕೊಳ್ಳಲಿಲ್ಲ. ಬೆರಳು ಏರಿದಲ್ಲಿಗೆ ಅಡುಗೆಮನೆಯಲ್ಲಿ ಪೆನ್ಸಿಲ್ ಗೆರೆ ಎಳೆದರೆ, ಗೋಡೆ ಹೊಲಸಾಯಿತೆಂದು ಬೈದರು.

ಇವತ್ತು ನನ್ನ ಮುಖ ನೋಡಿದರು. "ಮಾಲಾ, ನಿನಗ ಯಾವದರಿಂದ ಆರಾಮ ಆಗಿತ್ತ?"

"ಗ್ವಾಡಿಯಿಂದರಿ," ಎಂದೆ. ಸುಳ್ಳಲ್ಲ. ಆಮೇಲೆ ಅವರ ಅಂದಿನ ಮಾತನ್ನೇ, ಒಂದಕ್ಷರ ಬಿಡದೆ, ಡಾಕ್ಟರಿಗೆ ಹೇಳಿ ಎದ್ದೆ.

ಮನೆಗೆ ಬಂದು ಅವರನ್ನು ಅಡುಗೆಮನೆ ಗೋಡೆಗೆ ನಿಲ್ಲಿಸಿದೆ. ಹಲ್ಲು ಕಚ್ಚಿ ಬೆರಳು ಏರಿಸಿದರು. ಬೆರಳು ನಿಂತಲ್ಲಿ ನಾನೇ ಗೆರೆ ಎಳೆದೆ. ನನ್ನ ಮೊದಲ ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಆಗಿನಿಂದ ಮೂರು ಸಲ ಹೋಗಿ ನೋಡಿ ಬಂದೆ.

ಎಂಟು ತಿಂಗಳಾದರೂ ಹಿಡಿಯಲಿ. ನನಗೇನೂ ಅವಸರವಿಲ್ಲ.